ಮರಳಿ ಬಂದ ಚಿತ್ರದ ಅರ್ಥವೇನು?

(ಸಕಲೇಶಪುರದಲ್ಲಿ ಮಲೆನಾಡಿನ ತರುಣ ಚಿತ್ರಕಾರರ ಕೃತಿಗಳ ಪ್ರದರ್ಶನವನ್ನು ಆರಂಭಿಸುತ್ತ ವಕೀಲರೊಬ್ಬರು ಮಾಡಿದ ಭಾಷಣ)



ಚಿತ್ರಕಲೆಯ ವಿಷಯವಾಗಿ ಮಾತನಾಡಲು ಚಿತ್ರಕಾರನನ್ನು ಬಿಟ್ಟು ವಕೀಲನನ್ನು ಕರೆದಿರುವಿರಿ. ಇದರಲ್ಲಿ ಒಂದು ಔಚಿತ್ಯವಿಲ್ಲದಿಲ್ಲ. ಕುಂಚವನ್ನು ಹಿಡಿಯುವ ಬಗೆಯನ್ನು ಕಲಿಸುವ ಯೋಗ್ಯತೆ ನನಗಿಲ್ಲ. ಆದರೆ ತೀರ್ಪನ್ನು ಓದುವ ಬಗೆ ನನ್ನ ವೃತ್ತಿಗೆ ಸೇರಿದುದು. ಚಿತ್ರಕಾರನ ಬಾಳಿನಲ್ಲಿ ತೀರ್ಪುಗಳು ಪದೇ ಪದೇ ಬರುತ್ತವೆ. ತಿಂಗಳುಗಟ್ಟಲೆ ದುಡಿದು, ಕಟ್ಟು ಹಾಕಿಸಿ, ದೂರದ ಪಟ್ಟಣದ ಪ್ರದರ್ಶನಕ್ಕೆ ಕಳುಹಿಸಿದ ಚಿತ್ರವು ಒಂದು ದಿನ ಮರಳಿ ಬರುತ್ತದೆ. ಅದರೊಡನೆ ಎರಡು ಸಾಲಿನ ಕಾಗದ: ತಮ್ಮ ಕೃತಿಯು ಆಯ್ಕೆಯಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಕಾರಣವಿಲ್ಲ, ವಿವರಣೆಯಿಲ್ಲ, ಮೇಲ್ಮನವಿಗೆ ಅವಕಾಶವೂ ಇಲ್ಲ. ಅದನ್ನು ಓದಿದ ಎಷ್ಟು ಮಂದಿ ತರುಣರು ಕುಂಚಗಳನ್ನು ತೊಳೆದು ಅಟ್ಟಕ್ಕೇರಿಸಿ, ಮತ್ತೆ ಇಳಿಸದೆ ಹೋಗಿರುವರೋ, ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಆ ಎರಡು ಸಾಲುಗಳು ನಿಜವಾಗಿ ಏನನ್ನು ತೀರ್ಮಾನಿಸಿವೆ, ಏನನ್ನು ತೀರ್ಮಾನಿಸಿಲ್ಲ? ಈ ಹೊತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯನ್ನು ಕುರಿತದ್ದು. ಆದರೆ ತೀರ್ಪಿನ ವಿಷಯಕ್ಕೆ ಬರುವ ಮೊದಲು ತೀರ್ಪಿಗೆ ಒಳಗಾದ ವಸ್ತುವು ಹುಟ್ಟುವ ಸ್ಥಳವನ್ನು ನೋಡಿಬರುವುದು ನ್ಯಾಯ. ಆದುದರಿಂದ ಮೊದಲು ಚಿತ್ರಶಾಲೆಯ ವಿಚಾರ.

ಚಿತ್ರಶಾಲೆಯೆಂದರೆ ಜನರ ಮನಸ್ಸಿನಲ್ಲಿ ಒಂದು ಕಲ್ಪನೆಯುಂಟು: ವಿಶಾಲವಾದ ಕೊಠಡಿ, ಎತ್ತರದ ಕಿಟಕಿ, ಸ್ಫೂರ್ತಿ ಬಂದಾಗ ಎದ್ದು ಬಣ್ಣ ಬಳಿಯುವ ಒಬ್ಬ ವಿಲಕ್ಷಣ ಪುರುಷ. ನಮ್ಮ ಮಲೆನಾಡಿನ ಚಿತ್ರಶಾಲೆ ಹಾಗಿರುವುದಿಲ್ಲ. ಹಂಚಿನ ಮನೆಯ ಜಗಲಿಯ ಒಂದು ಮೂಲೆಯೋ, ಕಾಫಿ ಚೀಲಗಳನ್ನು ತೆಗೆದ ಮೇಲೆ ಬರಿದಾಗಿರುವ ಉಗ್ರಾಣವೋ, ಶಾಲೆ ಬಿಟ್ಟ ಮೇಲಿನ ತರಗತಿಯ ಕೋಣೆಯೋ ಇಲ್ಲಿನ ಚಿತ್ರಶಾಲೆ. ಅಲ್ಲಿ ಕೆಲಸ ಮಾಡುವವನು ಸ್ಫೂರ್ತಿಗಿಂತ ಹೆಚ್ಚಾಗಿ ಕಾದಾಡಬೇಕಾದುದು ತೇವದೊಡನೆ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಕಾಗದದ ಮೇಲೆ ಬೂಷ್ಟು ಕಟ್ಟುತ್ತದೆ. ತೈಲವರ್ಣವು ಒಣಗದೆ ದಿನಗಟ್ಟಲೆ ಅಂಟಂಟಾಗಿ ನಿಲ್ಲುತ್ತದೆ. ಜಲವರ್ಣದ ಒಂದು ಲೇಪ ಒಣಗುವ ತನಕ ಕಾಯುವುದರಲ್ಲೇ ಹಗಲು ಮುಗಿಯುತ್ತದೆ. ಗೋಡೆಗೆ ಒರಗಿಸಿಟ್ಟ ಚಿತ್ರದ ಬೆನ್ನನ್ನು ಗೆದ್ದಲು ಹುಡುಕಿಕೊಂಡು ಬರುತ್ತದೆ. ಗೋಡೆಯಿಂದ ಒಂದು ಗೇಣು ದೂರದಲ್ಲಿ, ನೆಲದಿಂದ ಮೇಲೆ ಹಲಗೆಯೊಂದನ್ನು ಹಾಕಿ ಅದರ ಮೇಲೆ ಚಿತ್ರಗಳನ್ನಿಡುವುದು, ಬಿಸಿಲು ಕಂಡ ದಿನ ಅವುಗಳನ್ನು ಗಾಳಿಗೆ ತೆಗೆಯುವುದು, ಒಲೆಯ ಕೋಣೆಯ ಪಕ್ಕದ ಬೆಚ್ಚನೆಯ ಗೋಡೆಯ ಕಡೆ ಕಾಗದದ ಕಟ್ಟನ್ನು ಇರಿಸುವುದು, ಇವೆಲ್ಲ ಇಲ್ಲಿನ ಕಲಾಭ್ಯಾಸದ ಅಂಗಗಳೇ ಸರಿ.

ಬೆಳಕಿನ ವಿಚಾರವೂ ಹೀಗೆಯೇ. ಚಿತ್ರಶಾಲೆಯ ಕಿಟಕಿ ಉತ್ತರಕ್ಕಿರಬೇಕು, ಆಗ ನೇರ ಬಿಸಿಲು ಬೀಳದೆ ಬೆಳಕು ದಿನವೆಲ್ಲ ಸಮನಾಗಿರುತ್ತದೆ ಎಂದು ಐರೋಪ್ಯರ ಪುಸ್ತಕಗಳು ವಿಧಿಸುತ್ತವೆ. ಆ ದೇಶಗಳಲ್ಲಿ ಅದು ಬಹುಮಟ್ಟಿಗೆ ನಿಜ. ನಮ್ಮದು ಸುಮಾರು ೧೩ ಡಿಗ್ರಿ ಅಕ್ಷಾಂಶದ ನೆಲ. ಇಲ್ಲಿ ಏಪ್ರಿಲ್ ತಿಂಗಳ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯನು ಉತ್ತರದ ಕಡೆಗೇ ವಾಲಿರುತ್ತಾನೆ. ಪುಸ್ತಕವನ್ನು ನಂಬಿ ಉತ್ತರಕ್ಕೆ ಕಿಟಕಿ ತೆರೆದವನು ಮೇ ತಿಂಗಳಲ್ಲಿ ತನ್ನ ಹಲಗೆಯ ಹತ್ತಿರಕ್ಕೇ ಬಿಸಿಲು ಬರುವುದನ್ನು ಕಾಣುತ್ತಾನೆ. ಅನಂತರ ಮಳೆಗಾಲದ ಮೋಡವೇ ಅವನಿಗೆ ತೆರೆಯನ್ನು ಕಟ್ಟಿಕೊಡುತ್ತದೆ. ಇಷ್ಟನ್ನು ನಾನು ಏಕೆ ಹೇಳಿದೆನೆಂದರೆ, ಬೇರೆ ನೆಲದಲ್ಲಿ ಹುಟ್ಟಿದ ನಿಯಮವನ್ನು ನಮ್ಮ ಕಣ್ಣಿನಿಂದ ಒರೆಗೆ ಹಚ್ಚಿ ನೋಡುವ ಅಭ್ಯಾಸವು ಚಿತ್ರಶಾಲೆಯ ಮೊದಲನೆಯ ಪಾಠ. ಆ ಅಭ್ಯಾಸವಿರುವವನಿಗೆ ಮುಂದೆ ಬರುವ ತೀರ್ಪನ್ನು ಓದುವುದು ಸುಲಭವಾಗುತ್ತದೆ.

ಇನ್ನು ವಸ್ತುವಿಗೆ ಇಲ್ಲಿ ಕೊರತೆಯುಂಟೆ? ೧೭೯೨ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ನಮ್ಮ ತಲೆಯ ಮೇಲೆಯೇ ಇದೆ. ಕೆಳಗೆ ಹೇಮಾವತಿ ಹರಿಯುತ್ತಾಳೆ. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಾಫಿಯ ತೋಟವೆಲ್ಲ ಬಿಳುಪಾಗಿ, ಎರಡು ಮೂರು ದಿನ ನಿಂತು ಕಂದುತ್ತದೆ. ಆಲೂರಿನ ಕಡೆಗೆ ಇಳಿದಂತೆ ಕಾಡು ತೆಳುವಾಗಿ ಗದ್ದೆಯ ಬಯಲು ತೆರೆಯುತ್ತದೆ. ಹಸುರಿನ ಬಣ್ಣವೇ ಬೇರೆಯಾಗುತ್ತದೆ. ಒಂದೇ ಹಸುರು ಡಬ್ಬಿಯಿಂದ ಈ ಎರಡು ಹಸುರುಗಳನ್ನೂ ಬಳಿಯುವವನು ಇನ್ನೂ ನೋಡಲು ಕಲಿತಿಲ್ಲವೆಂದೇ ಹೇಳಬೇಕು.

ಈಗ ಪ್ರದರ್ಶನದ ಸಿದ್ಧತೆ. ಇದನ್ನು ತೀರ ಲೌಕಿಕವಾದ ಕೆಲಸವೆಂದು ಅಲಕ್ಷಿಸುವ ಕಲಾವಿದರಿದ್ದಾರೆ. ವಕೀಲನ ದೃಷ್ಟಿಯಿಂದ ಹೇಳುವುದಾದರೆ, ಒಳ್ಳೆಯ ಮೊಕದ್ದಮೆಯನ್ನು ಕೆಟ್ಟ ಕಾಗದಪತ್ರಗಳಿಂದ ಕೆಡಿಸಿಕೊಂಡ ಕಕ್ಷಿದಾರನಿಗೂ ಇವರಿಗೂ ಭೇದವಿಲ್ಲ. ಮೊದಲನೆಯದು ಆಯ್ಕೆ. ಅರುವತ್ತು ಚಿತ್ರಗಳಿದ್ದರೆ ಹದಿನೈದನ್ನು ಆರಿಸಬೇಕು. ಬಹಳ ಶ್ರಮಪಟ್ಟು ಬರೆದದ್ದು ಎಂಬ ಕಾರಣದಿಂದ ಒಂದನ್ನೂ ಸೇರಿಸಕೂಡದು. ಶ್ರಮವು ಬರೆದವನಿಗೆ ನೆನಪಿರುತ್ತದೆ, ನೋಡುವವನಿಗೆ ಕಾಣುವುದು ಚಿತ್ರ ಮಾತ್ರ. ಎರಡನೆಯದು ಕಟ್ಟು. ಜಲವರ್ಣಕ್ಕೆ ಗಾಜು ಬೇಕು; ಆದರೆ ಕಾಗದವು ಗಾಜಿಗೆ ತಗುಲಕೂಡದು, ತಗುಲಿದರೆ ಮಳೆಗಾಲದಲ್ಲಿ ಎರಡೂ ಅಂಟಿಕೊಂಡು ಚಿತ್ರ ಕೆಡುತ್ತದೆ. ನಡುವೆ ದಪ್ಪ ರಟ್ಟಿನ ಅಂಚನ್ನು ಕೊಡುವುದು ಅಲಂಕಾರಕ್ಕೆ ಮಾತ್ರವಲ್ಲ, ರಕ್ಷಣೆಗೂ ಹೌದು. ಮೂರನೆಯದು ಸಾಗಣೆ. ಇಲ್ಲಿಂದ ಬೆಂಗಳೂರಿಗೆ ಸುಮಾರು ೨೨೦ ಕಿಲೋಮೀಟರ್ ದಾರಿ. ಗಾಜಿನ ಮೇಲೆ ಅಡ್ಡಡ್ಡಲಾಗಿ ಕಾಗದದ ಪಟ್ಟಿಗಳನ್ನು ಅಂಟಿಸಿದರೆ, ದಾರಿಯಲ್ಲಿ ಗಾಜು ಒಡೆದರೂ ಚೂರುಗಳು ಚಿತ್ರವನ್ನು ಸೀಳುವುದಿಲ್ಲ. ಚಿತ್ರದ ಬೆನ್ನಿಗೆ ಹೆಸರು, ಊರು, ಶೀರ್ಷಿಕೆ, ಮಾಧ್ಯಮ, ಅಳತೆ, ಇಸವಿ ಬರೆದಿರತಕ್ಕದ್ದು. ನಾಲ್ಕನೆಯದು ತೂಗುಹಾಕುವ ಕ್ರಮ. ಚಿತ್ರದ ನಡುಭಾಗವು ನಿಂತು ನೋಡುವವನ ಕಣ್ಣಿನ ಮಟ್ಟಕ್ಕೆ, ಎಂದರೆ ನೆಲದಿಂದ ಸುಮಾರು ಐದು ಅಡಿಗೆ ಬರಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡುವಷ್ಟು ಗೋಡೆ ಬಿಡಬೇಕು. ಈಚಿನ ದಿನಗಳಲ್ಲಿ ಹಲವು ಕಡೆ ಮೊದಲ ಸುತ್ತಿನ ಆಯ್ಕೆ ನಡೆಯುವುದು ಛಾಯಾಚಿತ್ರದ ಮೇಲೆ. ಆದುದರಿಂದ ಮೋಡದ ಬೆಳಕಿನಲ್ಲಿ, ಹೊಳಪು ಬೀಳದಂತೆ, ನಾಲ್ಕು ಮೂಲೆಗಳೂ ನೇರವಾಗಿ ಬರುವಂತೆ ಛಾಯಾಚಿತ್ರ ತೆಗೆಯುವುದೂ ಸಿದ್ಧತೆಯ ಭಾಗವಾಗಿದೆ. ವಕ್ರವಾದ ಛಾಯಾಚಿತ್ರವನ್ನು ಕಳುಹಿಸಿದವನು ತನ್ನ ಚಿತ್ರ ತಿರಸ್ಕೃತವಾಯಿತೆಂದು ಕೊರಗುವ ಹಾಗಿಲ್ಲ. ಅವನ ಚಿತ್ರವನ್ನು ಯಾರೂ ನೋಡಿಯೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಚಿತ್ರವು ಮರಳಿ ಬಂದೀತು. ಈಗ ಮುಖ್ಯ ಪ್ರಶ್ನೆಗೆ ಬಂದೆವು.

ನ್ಯಾಯಾಲಯದಲ್ಲಿ ಒಂದು ತೀರ್ಪು ಹೊರಬಿದ್ದರೆ ನಾವು ಮೊದಲು ಕೇಳುವುದು ಅದರ ವ್ಯಾಪ್ತಿಯನ್ನು. ಯಾವ ವಿವಾದಾಂಶವು ತೀರ್ಮಾನವಾಯಿತು? ಯಾವುದು ಮುಟ್ಟದೆ ಉಳಿಯಿತು? ಎಲ್ಲೆ ಕಲ್ಲಿನ ವ್ಯಾಜ್ಯದಲ್ಲಿ ಸೋತವನು ತನ್ನ ಮನೆಯ ಹಕ್ಕನ್ನೂ ಸೋತಂತೆ ನಡೆದುಕೊಂಡರೆ ಅವನನ್ನು ಅವಿವೇಕಿಯೆನ್ನುತ್ತೇವೆ. ಪ್ರದರ್ಶನದ ತೀರ್ಪುಗಾರರ ಮುಂದಿದ್ದ ವಿವಾದಾಂಶವಾದರೂ ಯಾವುದು? ಈ ಚಿತ್ರವು ಈ ವರ್ಷ ಈ ಗೋಡೆಯ ಮೇಲೆ ಇರಬೇಕೆ ಎಂಬುದೊಂದೇ. ಇವನು ಚಿತ್ರಕಾರನು ಹೌದೆ ಅಲ್ಲವೆ ಎಂಬ ಪ್ರಶ್ನೆ ಅವರ ಮುಂದೆ ಬಂದೇ ಇರಲಿಲ್ಲ. ಬಾರದ ಪ್ರಶ್ನೆಗೆ ಅವರು ಉತ್ತರ ಕೊಟ್ಟಿರುವರೆಂದು ಭಾವಿಸಿಕೊಂಡು ಕುಂಚವನ್ನು ಬಿಸುಡುವುದು ತೀರ್ಪನ್ನು ತಪ್ಪಾಗಿ ಓದಿದಂತೆ.

ಗೋಡೆಯ ಲೆಕ್ಕವನ್ನೇ ನೋಡಿರಿ. ಅರುವತ್ತು ಅಡಿ ಉದ್ದದ ಗೋಡೆಯಿದೆಯೆಂದಿಟ್ಟುಕೊಳ್ಳಿ. ನಡುವಣ ತೆರಪೂ ಸೇರಿ ಚಿತ್ರಕ್ಕೆ ಮೂರಡಿ ಬೇಕು. ಇಪ್ಪತ್ತು ಚಿತ್ರಗಳಿಗೆ ಗೋಡೆ ತುಂಬಿತು. ಬಂದ ಚಿತ್ರಗಳು ಇನ್ನೂರಾದರೆ, ಇನ್ನೂರೂ ಉತ್ತಮವಾಗಿದ್ದರೂ ನೂರ ಎಂಬತ್ತು ಮರಳಿ ಹೋಗಲೇಬೇಕು. ಈ ನೂರ ಎಂಬತ್ತರಲ್ಲಿ ಬಹು ಭಾಗವನ್ನು ತಿರಸ್ಕರಿಸಿದುದು ಗೋಡೆ, ಮನುಷ್ಯರಲ್ಲ.

ಎರಡನೆಯ ಬಗೆಯ ತಿರಸ್ಕಾರವು ಕಾಲದ ರುಚಿಯಿಂದ ಬರುವುದು. ಇದಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನವು ೧೮೬೩ನೆಯ ಇಸವಿಯ ಪ್ಯಾರಿಸ್ ನಗರದ್ದು. ಅಲ್ಲಿನ ಅಧಿಕೃತ ಪ್ರದರ್ಶನಕ್ಕೆ ಆ ವರ್ಷ ಬಂದ ಸುಮಾರು ೫,೦೦೦ ಕೃತಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೀರ್ಪುಗಾರರು ತಳ್ಳಿಹಾಕಿದರು. ಕಲಾವಿದರ ಕೂಗು ಎಷ್ಟಾಯಿತೆಂದರೆ, ತಿರಸ್ಕೃತವಾದವುಗಳನ್ನೂ ಪ್ರತ್ಯೇಕವಾಗಿ ಪ್ರದರ್ಶಿಸಲಿ, ಜನರೇ ನೋಡಿ ನಿರ್ಣಯಿಸಲಿ ಎಂದು ಚಕ್ರವರ್ತಿ ಮೂರನೆಯ ನೆಪೋಲಿಯನ್ ಅಪ್ಪಣೆ ಕೊಡಬೇಕಾಯಿತು. ಜನರು ಬಂದರು, ಬಂದು ನಕ್ಕರು. ಮಾನೆ ಎಂಬ ಚಿತ್ರಕಾರನ ಕೃತಿಯ ಮುಂದೆ ನಗುವವರ ಗುಂಪೇ ಇತ್ತು. ಹನ್ನೊಂದು ವರ್ಷಗಳ ತರುವಾಯ, ೧೮೭೪ರಲ್ಲಿ, ಮೊನೆ, ಪಿಸಾರೊ, ಸೆಜಾನ್ ಮೊದಲಾದವರು ಅಧಿಕೃತ ಪ್ರದರ್ಶನದ ಬಾಗಿಲನ್ನು ತಟ್ಟುವುದನ್ನು ಬಿಟ್ಟು, ನಾದಾರ್ ಎಂಬ ಛಾಯಾಗ್ರಾಹಕನ ಹಳೆಯ ಚಿತ್ರಶಾಲೆಯಲ್ಲಿ ತಾವೇ ಪ್ರದರ್ಶನವನ್ನು ಏರ್ಪಡಿಸಿದರು. ಪತ್ರಿಕೆಯೊಂದರ ವಿಮರ್ಶಕನು ಮೊನೆಯ ಒಂದು ಚಿತ್ರದ ಹೆಸರನ್ನು ಹಿಡಿದು ಹಂಗಿಸಿ ಇಟ್ಟ ಅಡ್ಡಹೆಸರೇ ಆ ಪಂಥಕ್ಕೆ ಹೆಸರಾಗಿ ನಿಂತಿತು. ಸೆಜಾನನಂತೂ ಅಧಿಕೃತ ಪ್ರದರ್ಶನಕ್ಕೆ ವರ್ಷ ವರ್ಷವೂ ಕಳುಹಿಸಿ, ಒಂದೇ ಒಂದು ಸಲ, ೧೮೮೨ರಲ್ಲಿ, ಒಳಗೆ ಪ್ರವೇಶ ಪಡೆದನು. ಇಂದು ಅವರ ಚಿತ್ರಗಳು ಲೋಕದ ದೊಡ್ಡ ಸಂಗ್ರಹಾಲಯಗಳ ಹೆಮ್ಮೆಯಾಗಿವೆ.

ಇಲ್ಲಿ ಒಂದು ಎಚ್ಚರಿಕೆ. ಈ ಕಥೆಯನ್ನು ಕೇಳಿದ ಪ್ರತಿಯೊಬ್ಬ ತಿರಸ್ಕೃತನೂ ತಾನೇ ಮಾನೆ, ತಾನೇ ಸೆಜಾನ್ ಎಂದು ತಿಳಿದುಕೊಳ್ಳುವ ಅಪಾಯವುಂಟು. ಆ ವರ್ಷ ತಿರಸ್ಕೃತವಾದ ಸಾವಿರಾರು ಕೃತಿಗಳಲ್ಲಿ ಬಹುತೇಕ ಎಲ್ಲವನ್ನೂ ಲೋಕವು ಮರೆತಿದೆ. ಮರೆತದ್ದು ಅನ್ಯಾಯವೆಂದು ಹೇಳುವವರೂ ಇಲ್ಲ. ಚಿತ್ರವು ಮರಳಿ ಬಂದುದು ಅದರ ಹಿರಿಮೆಗೆ ಸಾಕ್ಷ್ಯವಾಗಲಾರದು, ಅದರ ಕೀಳ್ಮೆಗೂ ಆಗಲಾರದು. ಹಾಗಾದರೆ ಸಾಕ್ಷ್ಯವನ್ನು ಎಲ್ಲಿ ಹುಡುಕಬೇಕು?

ಇದಕ್ಕೆ ಉತ್ತರವನ್ನು ಪ್ಯಾರಿಸ್ಸಿನಲ್ಲಿ ಅರಸಬೇಕಾಗಿಲ್ಲ. ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಬೇಲೂರಿಗೆ ಹೋದರೆ ಸಾಕು. ಅಲ್ಲಿನ ಕಪ್ಪೆಚೆನ್ನಿಗರಾಯನ ಕಥೆ ನಿಮಗೆಲ್ಲರಿಗೂ ತಿಳಿದದ್ದೇ. ಜಕಣಾಚಾರಿ ಕಡೆದು ಮುಗಿಸಿದ ವಿಗ್ರಹದಲ್ಲಿ ದೋಷವಿದೆಯೆಂದು ಅಪರಿಚಿತ ತರುಣನೊಬ್ಬನು ಹೇಳುತ್ತಾನೆ. ದೋಷವಿದ್ದರೆ ಬಲಗೈಯನ್ನು ಕಡಿದುಕೊಳ್ಳುತ್ತೇನೆಂದು ಜಕಣನು ಪಣ ತೊಡುತ್ತಾನೆ. ವಿಗ್ರಹಕ್ಕೆಲ್ಲ ಗಂಧವನ್ನು ಲೇಪಿಸುತ್ತಾರೆ. ಎಲ್ಲೆಡೆ ಗಂಧ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿಯಿಂದ ತಟ್ಟಿದರೆ ನೀರೂ ಮರಳೂ ಕಪ್ಪೆಯೂ ಹೊರಬೀಳುತ್ತವೆ. ಜಕಣನು ಮಾತಿನಂತೆ ಕೈಯನ್ನು ಕಡಿದುಕೊಳ್ಳುತ್ತಾನೆ. ಆ ತರುಣನು ತನ್ನ ಮಗ ಡಂಕಣನೇ ಎಂದು ಆಮೇಲೆ ತಿಳಿಯುತ್ತದೆ. ತುಮಕೂರಿನ ಬಳಿಯ ಕೈದಾಳದಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿದ ಮೇಲೆ ಅವನ ಕೈ ಮರಳಿ ಬಂದಿತಂತೆ.

ಇದು ಐತಿಹ್ಯ, ಚರಿತ್ರೆಯಲ್ಲ. ಆದರೂ ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಡಂಕಣನು ಬರಿದೆ ವಿಗ್ರಹ ಬೇಡವೆನ್ನಲಿಲ್ಲ. ದೋಷ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದನು, ಎಲ್ಲರ ಕಣ್ಣೆದುರಿಗೆ ಪರೀಕ್ಷೆಯಿಂದ ಸಿದ್ಧಪಡಿಸಿದನು. ಬೇಡವೆನ್ನುವವರು ಲೋಕದಲ್ಲಿ ನೂರು ಮಂದಿ ಸಿಕ್ಕುತ್ತಾರೆ. ಒಣಗದ ಗಂಧವನ್ನು ತೋರಿಸಬಲ್ಲವನು ಒಬ್ಬ ಸಿಕ್ಕಿದರೆ ಅದು ಭಾಗ್ಯ. ಅವನು ವಯಸ್ಸಿನಲ್ಲಿ ಕಿರಿಯನಾಗಿದ್ದರೂ ಅವನ ಮಾತನ್ನು ಕೇಳತಕ್ಕದ್ದು. ಅಂಥವನು ಸಿಕ್ಕದಿದ್ದರೆ ಆ ಪರೀಕ್ಷೆಯನ್ನು ತಾನೇ ಮಾಡಿಕೊಳ್ಳಬೇಕು. ಚಿತ್ರವನ್ನು ಕನ್ನಡಿಯಲ್ಲಿ ನೋಡಬೇಕೆಂದು ಇಟಲಿಯ ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟಿದ್ದಾನೆ. ಎಡಬಲ ತಿರುಗಿದ ಪ್ರತಿಬಿಂಬವು ಬೇರೆಯವರ ಕೃತಿಯಂತೆ ಕಂಡು ತಪ್ಪುಗಳು ಎದ್ದು ತೋರುತ್ತವೆ. ಮರಳಿ ಬಂದ ಚಿತ್ರವನ್ನು ಗೋಡೆಗೆ ಮುಖ ಮಾಡಿ ಮೂರು ತಿಂಗಳು ಇಟ್ಟು, ಅನಂತರ ಬೆಳಗಿನ ಬೆಳಕಿನಲ್ಲಿ ಹಠಾತ್ತನೆ ತಿರುಗಿಸಿ ನೋಡಿದರೂ ಇದೇ ಫಲ ದೊರೆಯುತ್ತದೆ. ಆಗ ಗಂಧ ಎಲ್ಲಿ ಒಣಗಿಲ್ಲವೆಂಬುದು ತಾನಾಗಿಯೇ ಕಾಣುತ್ತದೆ. ಎಲ್ಲೆಡೆಯೂ ಒಣಗಿದ್ದರೆ ಅದೇ ಚಿತ್ರವನ್ನು ಮುಂದಿನ ವರ್ಷ ಮತ್ತೊಂದು ಗೋಡೆಗೆ ಧೈರ್ಯವಾಗಿ ಕಳುಹಿಸತಕ್ಕದ್ದು.

ಎರಡನೆಯ ಪಾಠ ಇನ್ನೂ ದೊಡ್ಡದು. ದೋಷವಿದ್ದುದು ಕಲ್ಲಿನಲ್ಲಿ, ಶಿಕ್ಷೆಯಾದುದು ಕೈಗೆ. ಕಪ್ಪೆಯು ಕಲ್ಲಿನೊಳಗೆ ಮೊದಲೇ ಇತ್ತು, ಜಕಣನ ಉಳಿ ಅದನ್ನು ಇಟ್ಟಿರಲಿಲ್ಲ. ಕಲ್ಲಿನ ಮೇಲೆ ಆದ ತೀರ್ಪನ್ನು ಕೈಯ ಮೇಲೆ ಜಾರಿ ಮಾಡುವುದು ಯಾವ ನ್ಯಾಯ? ಮರಳಿ ಬಂದ ಒಂದು ಚಿತ್ರಕ್ಕಾಗಿ ಕುಂಚವನ್ನೇ ಬಿಡುವ ತರುಣನು ಮಾಡುವುದು ಇದನ್ನೇ. ನಮ್ಮ ಹಿರಿಯರಿಗೂ ಇದು ಸಹಿಸಲಿಲ್ಲವೆಂದು ತೋರುತ್ತದೆ. ಆದುದರಿಂದಲೇ ಅವರು ಕಥೆಯನ್ನು ಬೇಲೂರಿನಲ್ಲಿ ನಿಲ್ಲಿಸದೆ ಕೈದಾಳಕ್ಕೆ ಕೊಂಡೊಯ್ದು, ದುಡಿಮೆಯ ಮೂಲಕವೇ ಆ ಕೈಯನ್ನು ಶಿಲ್ಪಿಗೆ ಮರಳಿಸಿದರು.

ಐತಿಹ್ಯವನ್ನು ಬಿಟ್ಟು ಶಾಸನಕ್ಕೆ ಬಂದರೂ ಬೇಲೂರು ನಮಗೆ ಬುದ್ಧಿ ಹೇಳುತ್ತದೆ. ವಿಷ್ಣುವರ್ಧನನ ಕಾಲದಲ್ಲಿ, ೧೧೧೭ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಕಡೆದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಇವರಿಬ್ಬರ ಹೆಸರೂ ಅಲ್ಲಿವೆ. ಕಥೆಯಲ್ಲಿ ತಂದೆಯನ್ನು ಮಗ ಸೋಲಿಸಿದನು. ಶಾಸನದಲ್ಲಿ ತಂದೆ ಮಕ್ಕಳಿಬ್ಬರೂ ಒಂದೇ ಗುಡಿಯಲ್ಲಿ ದುಡಿದು ಹೆಸರು ಕೆತ್ತಿದರು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹೆಸರನ್ನು ಕೆತ್ತಿಟ್ಟವರು ಆ ಪಟ್ಟಿಗಾಗಿ ಕಾಯಲಿಲ್ಲ. ತಮ್ಮ ಕೆಲಸಕ್ಕೆ ತಾವು ಹೊಣೆಯೆಂದು ಹೇಳಿ ಮುಂದಿನ ಕಂಬಕ್ಕೆ ಹೋದರು.

ಇನ್ನು ನಮ್ಮ ಕಾಲಕ್ಕೆ ಹತ್ತಿರದವರಾದ ಇಬ್ಬರನ್ನು ನೆನೆಯುತ್ತೇನೆ. ಚಿತ್ರವನ್ನು ಗೋಡೆ ನಿರಾಕರಿಸುವುದು ಒಂದು ಬಗೆ. ಚಿತ್ರಕಾರನ ಬಾಳಿನ ಆಸರೆಯೇ ಕೈಬಿಡುವುದು, ಅಥವಾ ಅವನೇ ಬೇರೊಂದು ಕರ್ತವ್ಯಕ್ಕಾಗಿ ಕುಂಚವನ್ನು ಕೆಳಗಿಡಬೇಕಾಗುವುದು, ಇವು ಅದಕ್ಕಿಂತ ಕಠಿನವಾದ ಬಗೆಗಳು. ಅವನ್ನು ಈ ಇಬ್ಬರ ಬಾಳಿನಲ್ಲಿ ಕಾಣುತ್ತೇವೆ.

ಮೊದಲನೆಯವರು ಕೆ. ವೆಂಕಟಪ್ಪನವರು. ೧೮೮೬ರಲ್ಲಿ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೦೯ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸರು ಅವರ ಸಹಪಾಠಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಗಳ ಪುರಾಣಕಥೆಗಳ ಗ್ರಂಥವು ೧೯೧೩ರಲ್ಲಿ ಹೊರಬಂದಾಗ ಅದರಲ್ಲಿ ವೆಂಕಟಪ್ಪನವರ ಚಿತ್ರಗಳೂ ಇದ್ದವು. ಮೈಸೂರಿಗೆ ಮರಳಿ, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತು, ಬ್ರಹ್ಮಚಾರಿಗಳಾಗಿ ಕಲೆಯೊಂದನ್ನೇ ವ್ರತವಾಗಿ ಹಿಡಿದರು. ಊಟಿ, ಕೊಡೈಕಾನಲ್ ಬೆಟ್ಟಗಳ ಮಂಜನ್ನೂ ಮೋಡವನ್ನೂ ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನೂ ಅವರು ಜಲವರ್ಣದಲ್ಲಿ ಹಿಡಿದ ಬಗೆಯನ್ನು ನಮ್ಮ ಮಂಜಿನ ನಾಡಿನ ತರುಣರು ಹೋಗಿ ನೋಡಲೇಬೇಕು. ೧೯೪೦ರಲ್ಲಿ ಮಹಾರಾಜರು ತೀರಿಕೊಂಡರು, ಆಶ್ರಯ ಕಳಚಿತು. ವೆಂಕಟಪ್ಪನವರು ಬೆಂಗಳೂರಿಗೆ ಬಂದು ನೆಲಸಿ, ೧೯೬೫ರಲ್ಲಿ ಕಾಲವಾಗುವವರೆಗೂ ತಮ್ಮ ನಿಯಮವನ್ನು ಸಡಿಲಿಸದೆ ಬಾಳಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಲ್ಲಿ ಅವರ ಕೃತಿಗಳಿವೆ. ಅದೇ ಕಟ್ಟಡವು ಎಷ್ಟೋ ತರುಣರಿಗೆ ಮೊದಲ ಪ್ರದರ್ಶನದ ಗೋಡೆಯನ್ನು ಕೊಟ್ಟಿದೆ. ಆಶ್ರಯ ತಪ್ಪಿದ ಒಬ್ಬ ಕಲಾವಿದನ ಹೆಸರು ನೂರಾರು ಕಲಾವಿದರಿಗೆ ಆಶ್ರಯವಾಯಿತು.

ಎರಡನೆಯವರು ರುಮಾಲೆ ಚೆನ್ನಬಸವಯ್ಯನವರು. ೧೯೧೦ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿ, ಅ. ನ. ಸುಬ್ಬರಾಯರು ೧೯೧೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಲಾಮಂದಿರದಲ್ಲೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲೂ ಕಲಿತವರು. ಆದರೆ ದೇಶವು ಕರೆದಾಗ ಕುಂಚವನ್ನು ಕೆಳಗಿಟ್ಟು ಸೇವಾದಳಕ್ಕೆ ಸೇರಿದರು, ಸೆರೆಮನೆಯನ್ನು ಕಂಡರು, ತಾಯಿನಾಡು ಪತ್ರಿಕೆಯ ಸಂಪಾದಕರಾಗಿ ದುಡಿದರು. ಹೀಗೆ ಹಲವು ವರ್ಷಗಳು ಸರಿದವು. ಅಷ್ಟು ದೀರ್ಘವಾದ ವಿರಾಮದ ನಂತರ ಯಾರ ಕೈಯೂ ಮರೆತುಹೋಗಬೇಕು. ಆದರೆ ಐವತ್ತು ದಾಟಿದ ಮೇಲೆ, ೧೯೬೦ರ ದಶಕದಲ್ಲಿ, ಅವರು ಮತ್ತೆ ಪೂರ್ಣವಾಗಿ ಚಿತ್ರಕ್ಕೆ ಮರಳಿದರು. ಬೀದಿಯ ಬದಿಯಲ್ಲೇ ನಿಂತು ಬೆಂಗಳೂರಿನ ಹೂಬಿಟ್ಟ ಮರಗಳನ್ನು, ಕೆರೆ ತೋಟಗಳನ್ನು ಬರೆದರು, ೧೯೮೮ರಲ್ಲಿ ಕಾಲವಾದರು. ಬಹಳ ತಡವಾಯಿತು, ಇನ್ನು ನನ್ನಿಂದಾಗದು ಎನ್ನುವವರಿಗೆ ರುಮಾಲೆಯವರ ಬಾಳೇ ಉತ್ತರ. ಇಟ್ಟ ಕುಂಚವನ್ನು ಮತ್ತೆ ಎತ್ತಲು ಯಾರ ಅಪ್ಪಣೆಯೂ ಬೇಕಿಲ್ಲ.

ಮಹನೀಯರೇ, ಇದುವರೆಗೆ ಚಿತ್ರಕಾರರಿಗೆ ಹೇಳಿದೆ. ಇನ್ನು ನಮಗೆ, ಎಂದರೆ ನೋಡುವವರಿಗೆ, ಹೇಳಬೇಕಾದುದು ಉಳಿದಿದೆ. ತೀರ್ಪುಗಾರರು ಒಂದು ಚಿತ್ರವನ್ನು ಮರಳಿಸುವ ಮೊದಲು ಅದನ್ನು ಒಂದು ನಿಮಿಷವಾದರೂ ನೋಡುತ್ತಾರೆ. ನಾವು ನೋಡುವುದೇ ಇಲ್ಲ. ನಮ್ಮ ಊರಿನ ಹುಡುಗನೊಬ್ಬನು ಹೇಮಾವತಿಯ ದಡದಲ್ಲಿ ಕುಳಿತು ಬರೆಯುತ್ತಿದ್ದರೆ, ಇದರಿಂದ ಹೊಟ್ಟೆ ತುಂಬೀತೆ ಎಂದು ಕೇಳಿ ಮುಂದೆ ಹೋಗುತ್ತೇವೆ. ಕಾಗದವಿಲ್ಲದೆ, ಸಹಿಯಿಲ್ಲದೆ, ವರ್ಷವಿಡೀ ನಡೆಯುವ ಈ ತಿರಸ್ಕಾರಕ್ಕೆ ಮೇಲ್ಮನವಿಯೇ ಇಲ್ಲ.

ಇದರ ಫಲವನ್ನು ಕನ್ನಡನಾಡು ಉಂಡಿದೆ. ನಾಡು ಹರಿದು ಹಂಚಿಹೋಗಿದ್ದ ದಿನಗಳಲ್ಲಿ ಕನ್ನಡದ ಚಿತ್ರಕಾರನಿಗೆ ತನ್ನದೆಂಬ ಒಂದು ಗೋಡೆ ಇರಲಿಲ್ಲ. ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯಲ್ಲಿ ಕಲಿತು ಅಲ್ಲಿಯೇ ಕೀರ್ತಿ ಪಡೆದರು. ನಿಜಾಮನ ಆಳ್ವಿಕೆಯಲ್ಲಿದ್ದ ಕಲಬುರಗಿಯ ಎಸ್. ಎಂ. ಪಂಡಿತರೂ ಮುಂಬಯಿಗೆ ಹೋಗಿಯೇ ಹೆಸರಾದರು. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ ಗದಗಿನಲ್ಲಿ ಟಿ. ಪಿ. ಅಕ್ಕಿಯವರೂ ಸ್ವಂತ ಶ್ರಮದಿಂದ ಕಲಾಶಾಲೆಗಳನ್ನು ಕಟ್ಟಿ ಮಕ್ಕಳನ್ನು ತಯಾರು ಮಾಡಿದರು. ೧೯೫೬ರ ನವೆಂಬರ್ ೧ರಂದು ನಾಡು ಒಂದಾಯಿತು. ೧೯೭೩ರಲ್ಲಿ ಕರ್ನಾಟಕವೆಂಬ ಹೆಸರು ಬಂದಿತು. ಅಕಾಡೆಮಿ, ಪರಿಷತ್ತು, ಚಿತ್ರಶಾಲೆಗಳು ಆದವು. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಬೀದಿಯುದ್ದಕ್ಕೂ ಚಿತ್ರಗಳು ನಿಲ್ಲುತ್ತವೆ, ಸಾಮಾನ್ಯ ಸಂಸಾರಿಗಳೂ ಕೊಳ್ಳುತ್ತಾರೆ. ರಾಜಧಾನಿಗೆ ಗೋಡೆ ದೊರೆಯಿತು. ಸಕಲೇಶಪುರಕ್ಕೆ ಗೋಡೆಯೆಲ್ಲಿ? ಆಲೂರಿಗೆ ಎಲ್ಲಿ? ನಾಡು ಒಂದಾದ ಮೇಲೂ ಮಲೆನಾಡಿನ ಹುಡುಗ ಚಿತ್ರವನ್ನು ತೋರಿಸಲು ಇನ್ನೂರಿಪ್ಪತ್ತು ಕಿಲೋಮೀಟರ್ ಹೋಗಬೇಕಾದರೆ ಏಕೀಕರಣದ ಕೆಲಸ ಇನ್ನೂ ಸ್ವಲ್ಪ ಬಾಕಿಯಿದೆಯೆಂದೇ ಅರ್ಥ.

ಆ ಬಾಕಿಯನ್ನು ತೀರಿಸಲು ನಮ್ಮಿಂದ ಆಗುವ ಮೂರು ಸಣ್ಣ ಕೆಲಸಗಳನ್ನು ಹೇಳುತ್ತೇನೆ. ಒಂದು: ಪ್ರತಿ ಊರಿನ ವಾಚನಾಲಯದಲ್ಲೋ ಶಾಲೆಯಲ್ಲೋ ಒಂದು ಗೋಡೆಯನ್ನು ಸುಣ್ಣ ಬಳಿದು, ತೇವ ಬಾರದಂತೆ ನೋಡಿಕೊಂಡು, ಚಿತ್ರಗಳಿಗೆಂದೇ ಮೀಸಲಿಡುವುದು, ತಿಂಗಳಿಗೊಮ್ಮೆ ಚಿತ್ರಗಳನ್ನು ಬದಲಾಯಿಸುವುದು. ಎರಡು: ಕೈಯಲ್ಲಿ ನಾಲ್ಕು ಕಾಸಿರುವ ತೋಟದ ಯಜಮಾನರೂ ವ್ಯಾಪಾರಿಗಳೂ ವಕೀಲರೂ ವರ್ಷಕ್ಕೊಂದು ಚಿತ್ರವನ್ನು ಬೆಲೆ ಕೊಟ್ಟು ಕೊಳ್ಳುವುದು. ಉಚಿತವಾಗಿ ಕೇಳಬಾರದು, ಪುಕ್ಕಟೆ ಪಡೆದ ಚಿತ್ರಕ್ಕೆ ಮನೆಯಲ್ಲಿ ಒಳ್ಳೆಯ ಗೋಡೆಯೂ ಸಿಕ್ಕುವುದಿಲ್ಲ. ಮೂರು: ಇದು ಉಪಾಧ್ಯಾಯ ಬಂಧುಗಳಿಗೆ. ಹುಡುಗನು ಚಿತ್ರವನ್ನು ತಂದು ತೋರಿಸಿದಾಗ ಚೆನ್ನಾಗಿದೆ ಎಂದೂ ಹೇಳಬೇಡಿರಿ, ಇದೇನು ಮಹಾ ಎಂದೂ ಹೇಳಬೇಡಿರಿ. ಇದನ್ನು ಎಲ್ಲಿ ಕುಳಿತು ಬರೆದೆ, ಈ ಮರದ ನೆರಳು ಯಾವ ಕಡೆಗೆ ಬಿದ್ದಿತ್ತು, ಈ ಹಸುರಿಗೆ ಯಾವ ಬಣ್ಣಗಳನ್ನು ಬೆರೆಸಿದೆ ಎಂದು ಕೇಳಿರಿ. ತನ್ನ ಚಿತ್ರವನ್ನು ಒಬ್ಬರು ನಿಜವಾಗಿ ನೋಡಿದರೆಂಬ ನೆನಪು ಆ ಹುಡುಗನ ಬಳಿ ಉಳಿದರೆ, ಮುಂದೆ ಬರುವ ಎರಡು ಸಾಲಿನ ಕಾಗದವನ್ನು ಅವನು ತಾಳಿಕೊಂಡಾನು.

ಈ ಸಭಾಭವನದ ಗೋಡೆಗಳ ಮೇಲೆ ಇರುವ ಚಿತ್ರಗಳಲ್ಲಿ ಕೆಲವು ಬೇರೆ ಕಡೆಗಳಿಂದ ಮರಳಿ ಬಂದವು. ಯಾವುವು ಎಂದು ಚೀಟಿ ಅಂಟಿಸಿಲ್ಲ. ಅದು ಸರಿಯಾಗಿಯೇ ಇದೆ. ನೀವು ಒಂದೊಂದರ ಮುಂದೆಯೂ ನಿಂತು ನೋಡಿರಿ. ಗಂಧ ಒಣಗದ ಸ್ಥಳ ಕಂಡರೆ ಬರೆದವನಿಗೆ ಏಕಾಂತದಲ್ಲಿ ಸ್ಪಷ್ಟವಾಗಿ ತಿಳಿಸಿರಿ. ಮೆಚ್ಚಿದರೆ ಎಲ್ಲರೆದುರು ಹೇಳಿರಿ, ಆದರೆ ಕೊಳ್ಳಿರಿ. ಚಿತ್ರಕಾರ ತರುಣರೇ, ನಿಮಗೆ ನನ್ನದು ಒಂದೇ ಮಾತು: ಚಿತ್ರದ ಮೇಲೆ ಬಂದ ತೀರ್ಪನ್ನು ಚಿತ್ರದ ಮೇಲೆಯೇ ಜಾರಿ ಮಾಡಿರಿ, ಕೈಯ ಮೇಲೆ ಮಾಡಬೇಡಿರಿ. ಮಳೆಗಾಲ ಹತ್ತಿರ ಬರುತ್ತಿದೆ; ಕಾಗದವನ್ನು ಬೆಚ್ಚಗಿಡಿರಿ, ಕೆಲಸವನ್ನು ಬಿಡಬೇಡಿರಿ.

ಪ್ರದರ್ಶನವು ಆರಂಭವಾಯಿತೆಂದು ಸಾರುತ್ತೇನೆ.